ಹಳೇ ಜರಿ ಸೀರೆ ಇದ್ಯಾ ಅಂತ ಕೂಗಿದ್ರೆ

ಹೋದ ವಾರ ನಮ್ಮ ರಾಜಾಜಿನಗರದ ಬೀದೀಲಿ ಹಳೇ ಜರಿ ಕೊಳ್ಳೋನು ಬಂದಿದ್ದ. ನಮ್ಮ ವಾರಗಿತ್ತಿ ಅತ್ತೆಯವರ ಧಾರೆ ಸೀರೆ ಕೊಟ್ಟೇಬಿಟ್ಲು! ಸುಟ್ಟು ಬೆಳ್ಳಿ ತೆಗೀತಾರೆ, ಗೊತ್ತಲ್ಲ. ನಾನು ರೇಗಿದ್ದಕ್ಕೆ, "ಮಡಿಕೇಲೇ ಬಿರೀತಿತ್ತು ಅಕ್ಕ, ಮ್ಯೂಸಿಯಂನಲ್ಲಿ ಇಡ್ಲಾ?" ಅಂತಾಳೆ.

ಇಡ್ತಾರೆ ಕಣಮ್ಮ. ವಿಕ್ಟೋರಿಯಾ ಲೇಔಟಿನ ವಿಮೋರ್‌ನೋರು ಸೀರೆಗಳಿಗೇ ಅಂತ ಒಂದು ಪುಟ್ಟ ಮ್ಯೂಸಿಯಂ ಮಾಡಿದಾರೆ. ಚಿಮಿ ನಂಜಪ್ಪ, ಅವರ ಮಗಳು ಪವಿತ್ರಾ ಮುದ್ದಯ್ಯ, ಅಮ್ಮ-ಮಗಳು ಸೇರಿ 1974ರಲ್ಲಿ ಶುರು ಮಾಡಿದ್ದು ವಿಮೋರ್. ಹಳೇ ಸೀರೆಯ ಅಂಚು, ಬುಟ್ಟಾ, ಸೆರಗು ನೋಡಿ ನೋಡಿ ನೇಕಾರರ ಕೈಲಿ ಮತ್ತೆ ನೇಯಿಸಿದೋರು.

"ಅಯ್ಯೋ, ಅದು ಸೀರೆ ಅಂಗಡೀರಿ, ಮ್ಯೂಸಿಯಂ ಬರೀ ನೆಪ" ಅಂತ ಎದುರುಮನೆಯವರ ಕೊಂಕು. ಸೀರೆ ಮಾರ್ತಾರೆ, ಹೌದು. ಮಾರ್ದೆ ಇದ್ರೆ ಮಗ್ಗದ ಮುಂದೆ ಕೂತೋನಿಗೆ ಕೂಲಿ ಯಾರು ಕೊಡ್ತಾರೆ, ಗಾಜಿನ ಬೀರುವಾ? ತಾವು ಕೊಟ್ಟ ನಮೂನೇನ ನೇಕಾರರು ಬೇರೆಯೋರಿಗೂ ನೇಯ್ದು ಮಾರ್ಕೊಳ್ಲಿ ಅಂತ ಬಿಟ್ಟಿರೋ ಜನ ಅವರು. ಬರೀ ವ್ಯಾಪಾರದ ಬುದ್ಧಿಯೋರು ಹಂಗೆ ಬಿಡ್ತಾರಾ? ನಾವು ಹುಳಿಪುಡಿ ಅಳತೆ ಕೇಳಿದ್ರೇ ಅರ್ಧ ಹೇಳ್ತೀವಿ!

ನಾನೇನು ಸಾಚಾ ಅಲ್ಲ. ಅಮ್ಮನ ಸೀರೆ ಕತ್ತರಿಸಿ ಮಗಳಿಗೆ ಲಂಗ ಹೊಲಿಸಿದ್ದೆ. ಆ ಸೆರಗಲ್ಲಿ ಇದ್ದಿದ್ದು ನವಿಲೋ ಗಿಣಿಯೋ, ಈಗ ಎಷ್ಟು ಯೋಚಿಸಿದ್ರೂ ನೆನಪಾಗಲ್ಲ. ಒಂದು ಫೋಟೋ ಕೂಡ ಇಲ್ಲ.

ಉಳಿದಿರೋದನ್ನ ಹಳೇ ಪಂಚೇಲಿ ಸುತ್ತಿಡಿ, ಆಗಾಗ ಬಿಚ್ಚಿ ಬೇರೆ ಮಡಿಕೆ ಹಾಕಿ. ಆ ಕೂಗು ಬಂದ್ರೆ, ಬಾಗಿಲು ತೆಗೆಯೋಕೆ ಮುಂಚೆ ನನಗೊಂದು ಫೋನ್ ಮಾಡಿ.