ದೋಣಿ ತೊಳೆಯೋರು ಯಾರು?

ಯಾಟ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಇನ್‌ಸ್ಟಾಗ್ರಾಂ ರೀಲ್. ಬಿಳಿ ಹಾಯಿ, ನೀಲಿ ನೀರು, ಕೈಯಲ್ಲೊಂದು ಜ್ಯೂಸ್. ಆದರೆ ಹಾಯಿದೋಣಿಯಲ್ಲೇ ಮನೆ ಮಾಡ್ಕೊಂಡು ವರ್ಷಗಟ್ಟಲೆ ದೇಶ ಸುತ್ತೋರ ನಡುವೆ ಒಂದು ಮಾತಿದೆ: ಈ ಪ್ರಯಾಣ ಅಂದ್ರೆ ಚೆಂದಚೆಂದದ ಊರುಗಳಲ್ಲಿ ಕೂತು ದೋಣಿ ರಿಪೇರಿ ಮಾಡೋದು, ಅಷ್ಟೇ. ಸೆಮಿಸ್ಟರ್ ರಜೆಯಲ್ಲಿ ಇದರ ಬಗ್ಗೆ ಓದ್ತಾ ಹೋದ ನನಗೆ ಒಂದು ಅನುಮಾನ ಶುರುವಾಗಿದೆ. ಇಂಜಿನಿಯರಿಂಗ್‌ನ ಅರ್ಧ ಭಾಗವನ್ನ ಯಾರೂ ನಮಗೆ ಹೇಳಿಕೊಡ್ತಿಲ್ಲ, ನಾವೂ ಕೇಳ್ತಿಲ್ಲ.

ಅವರ ದಿನಚರಿ ನೋಡಿ. ಬೆಳಗ್ಗೆ ಎದ್ದು ಮೊದಲು ನೋಡೋದು ಬಿಲ್ಜ್, ಅಂದರೆ ದೋಣಿಯ ತಳದಲ್ಲಿ ನೀರು ಬಂದು ಸೇರೋ ಜಾಗ. ನೀರು ಕಂಡರೆ ಬೆರಳದ್ದಿ ನಾಲಿಗೆಗೆ ಇಟ್ಕೊಳ್ತಾರೆ. ಉಪ್ಪಿದ್ದರೆ ಸಮುದ್ರವೇ ಒಳಗೆ ಬರ್ತಿದೆ. ಸಪ್ಪೆ ಇದ್ದರೆ ಕುಡಿಯೋ ನೀರಿನ ಟ್ಯಾಂಕೋ ಮಳೆನೀರೋ ಸೋರ್ತಿದೆ. ಸೆನ್ಸರ್ ಬೇಡ, ಕೋಡ್ ಬೇಡ. ಇದಕ್ಕಿಂತ ನೀಟಾದ ಡೀಬಗ್ಗಿಂಗ್ ನಾನಂತೂ ನೋಡಿಲ್ಲ.

ಆಮೇಲೆ ಹಗ್ಗಗಳು. ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಸವೆಯುತ್ತೆ ಅಂತ ಆಗಾಗ ಒಂದಿಷ್ಟು ಸಡಿಲಿಸಿ ಉಜ್ಜೋ ಜಾಗ ಬದಲಾಯಿಸ್ತಾರೆ. ಅಡುಗೆ ಆದ ಮೇಲೆ ಒಲೆ ಆರಿಸಿದರೆ ಸಾಲದು, ಸಿಲಿಂಡರ್ ಹತ್ತಿರವೇ ಗ್ಯಾಸ್ ಬಂದ್ ಮಾಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಹೋಗಿ ಕೂರುತ್ತೆ, ಒಂದು ಕಿಡಿ ಸಾಕು. ಬಟ್ಟೆಯನ್ನ ಸಮುದ್ರದ ನೀರಲ್ಲಿ ಒಗೆದರೂ ಕೊನೆಗೊಮ್ಮೆ ಸಿಹಿನೀರಲ್ಲಿ ಜಾಲಿಸಲೇಬೇಕು. ಉಪ್ಪು ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ, ಬಟ್ಟೆ ಒಣಗೋದೇ ಇಲ್ಲ. ಟಾಯ್ಲೆಟ್ ಪೈಪ್ ಒಳಗೆ ಗಟ್ಟಿಯಾಗಿ ಕಟ್ಟೋ ಸುಣ್ಣದ ಪದರದ ಬಗ್ಗೆ ಇಲ್ಲಿ ಬರೆಯಲ್ಲ, ನೀವು ಮೆಸ್‌ನಲ್ಲಿ ಕೂತು ಓದ್ತಿರಬಹುದು.

ಫಸ್ಟ್ ಇಯರ್ ಕೆಮಿಸ್ಟ್ರಿಯ ಸ್ಯಾಕ್ರಿಫಿಶಿಯಲ್ ಆನೋಡ್ ನೆನಪಿದೆಯಾ? ಬಾಯಿಪಾಠ ಮಾಡಿ ಬರೆದು ಮರೆತ ಪ್ರಶ್ನೆ. ದೋಣಿಯಲ್ಲಿ ಅದು ಪ್ರೊಪೆಲ್ಲರ್ ಶಾಫ್ಟ್‌ಗೆ ಕಟ್ಟಿರೋ ಒಂದು ಸತುವಿನ ಮುದ್ದೆ. ಉಪ್ಪುನೀರು ಕಂಚಿನ ಪ್ರೊಪೆಲ್ಲರನ್ನ ಬಿಟ್ಟು ಸತುವನ್ನ ತಿನ್ನುತ್ತೆ. ಅದು ಪೂರ್ತಿ ಕರಗೋ ಮೊದಲೇ ಯಾರಾದರೂ ನೀರಿಗಿಳಿದು ನೋಡಿ ಬದಲಾಯಿಸಬೇಕು. ನಮ್ಮ ನೋಟ್ಸ್‌ನಲ್ಲಿ ರಿಯಾಕ್ಷನ್ ಇದೆ, ನೀರಿಗಿಳಿಯೋ ಆ ‘ಯಾರಾದರೂ’ ಇಲ್ಲ.

ಆ ‘ಯಾರಾದರೂ’ ಹೇಗಿರ್ತಾರೆ ಅಂತ ನೋಡಬೇಕಂದ್ರೆ ರಾಬಿನ್ ನಾಕ್ಸ್-ಜಾನ್‌ಸ್ಟನ್. 1968ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತೋ ರೇಸ್‌ಗೆ ಒಂಬತ್ತು ಜನ ಹೊರಟರು, ಮುಗಿಸಿದ್ದು ಇವರೊಬ್ಬರೇ. ಇವರ ‘ಸುಹೈಲಿ’ 32 ಅಡಿಯ ಮರದ ದೋಣಿ, ಕಟ್ಟಿದ್ದು ನಮ್ಮ ಬಾಂಬೆಯಲ್ಲಿ. ಅಟ್ಲಾಂಟಿಕ್‌ನಲ್ಲಿ ತಳ ಸೋರತೊಡಗಿದಾಗ ತಾವೇ ಸಮುದ್ರಕ್ಕೆ ಹಾರಿ, ಉಸಿರು ಹಿಡಿದು ಮತ್ತೆ ಮತ್ತೆ ಮುಳುಗಿ, ಹಲಗೆಗಳ ಸಂದಿಗೆ ಹತ್ತಿ ತುರುಕಿ ಮುಚ್ಚಿದರು. ನಡುವೆ ಸುತ್ತಾಡ್ತಿದ್ದ ಶಾರ್ಕ್ ಒಂದಕ್ಕೆ ಗುಂಡು ಹೊಡೆದು ಮತ್ತೆ ಇಳಿದರು. ಸ್ಟಿಯರಿಂಗ್ ತಾನೇ ನೋಡ್ಕೊಳ್ಳೋ ವ್ಯವಸ್ಥೆ ಆಮೇಲೆ ಕೆಟ್ಟೇ ಹೋಯ್ತು. 312 ದಿನ ಆದ ಮೇಲೆ ದಡ. ಅವರದ್ದಕ್ಕಿಂತ ವೇಗದ ದೋಣಿಗಳು ಆ ರೇಸ್‌ನಲ್ಲಿದ್ದವು.

ನಮ್ಮವರೂ ಇದ್ದಾರೆ. ಗೋವಾದಲ್ಲಿ ಕಟ್ಟಿದ ಐಎನ್‌ಎಸ್‌ವಿ ತಾರಿಣಿಯಲ್ಲಿ 2017-18ರಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಭೂಮಿ ಸುತ್ತಿದರು. ಕೊನೆಯ ಹಂತದಲ್ಲಿ ಸ್ಟಿಯರಿಂಗ್ ಕೆಟ್ಟು ಮಾರಿಷಸ್‌ನಲ್ಲಿ ನಿಲ್ಲಬೇಕಾಯ್ತು. 2024ರ ಅಕ್ಟೋಬರ್‌ನಲ್ಲಿ ಅದೇ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ ಇಬ್ಬರೇ ಹೊರಟು 2025ರ ಮೇ ತಿಂಗಳಲ್ಲಿ ವಾಪಸ್ ಬಂದರು. ದೋಣಿಯಲ್ಲಿ ಇಬ್ಬರೇ ಅಂದ್ರೆ ಕ್ಯಾಪ್ಟನ್, ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ಅಡುಗೆಯವರು, ಪಾತ್ರೆ ತೊಳೆಯೋರು ಎಲ್ಲಾ ಅವರೇ.

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ನಮ್ಮ ಟೆಕ್ನಿಕಲ್ ಕ್ಲಬ್ ಪೋಸ್ಟರ್‌ಗಳಲ್ಲಿ ಡಿಸೈನ್ ಲೀಡ್ ಇದ್ದಾರೆ, ಸಾಫ್ಟ್‌ವೇರ್ ಲೀಡ್ ಇದ್ದಾರೆ, ಸೋಶಿಯಲ್ ಮೀಡಿಯಾಗೇ ಇಬ್ಬರಿದ್ದಾರೆ. ರಾತ್ರಿ ಕೂತು ಬ್ಯಾಟರಿ ಚಾರ್ಜ್ ಮಾಡಿದೋರು, ಲೂಸ್ ಆದ ವೈರ್ ಮತ್ತೆ ಬೆಸುಗೆ ಹಾಕಿದೋರು, ಕಾಂಪಿಟೀಷನ್ ಮುಗಿದ ಮೇಲೆ ಲ್ಯಾಬ್ ಗುಡಿಸಿದೋರು ಎಲ್ಲೂ ಇಲ್ಲ. ಆ ಕೆಲಸ ಜೂನಿಯರ್‌ಗಳದ್ದು ಅಂತ ಮಾತಿಲ್ಲದೇ ತೀರ್ಮಾನ ಆಗಿಬಿಟ್ಟಿದೆ. ಗುಡಿಸೋದಾದ್ರೆ ಬಹಳ ಸಲ ಹುಡುಗಿಯರದ್ದು, ಇದನ್ನ ಹೇಳಿದ್ರೆ ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ. ಹೊಸ ಬಾಟ್ ಕಟ್ಟೋಕೆ ಎಲ್ಲರೂ ರೆಡಿ. ಹೋದ ವರ್ಷದ್ದು ಕಪಾಟಿನಲ್ಲಿ ತುಕ್ಕು ಹಿಡೀತಿದೆ.

ಮೇಂಟೆನೆನ್ಸ್ ಟೆಕ್ನಿಷಿಯನ್ ಕೆಲಸ, ಪ್ಲೇಸ್‌ಮೆಂಟ್‌ನಲ್ಲಿ ಯಾರೂ ಕೇಳಲ್ಲ ಅಂತೀರಿ. ಕೇಳದೇ ಇರಬಹುದು, ಒಪ್ಪಿದೆ. ಆದರೆ ಒಂದು ನಟ್ ಬಿಚ್ಚೋಕೆ ಸ್ಪ್ಯಾನರ್ ಹಿಡಿಯೋಷ್ಟು ಜಾಗ ಇಲ್ಲ ಅಂತ ಗೊತ್ತಾಗೋದು ಬಿಚ್ಚೋಕೆ ಹೋದಾಗಲೇ. ಹಾಗೆ ಬಿಚ್ಚಿ ಬೈದ ಅನುಭವ ಇಲ್ಲದೋರು ಕ್ಯಾಡ್‌ನಲ್ಲಿ ಮತ್ತೆ ಅದೇ ಜಾಗದಲ್ಲಿ ನಟ್ ಇಡ್ತಾರೆ. ರಿಪೇರಿ ಮಾಡೋ ಅಣ್ಣ ಆಮೇಲೆ ನಮ್ಮ ಡಿಗ್ರಿಗೆ ಬೈತಾರೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಪ್ರತಿ ಕ್ಲಬ್‌ನಲ್ಲೂ ಲೀಡ್‌ಗಳು ಸೇರಿದಂತೆ ಎಲ್ಲರಿಗೂ ಪಾಳಿ ಪ್ರಕಾರ ವಾರಕ್ಕೊಂದು ದಿನ ಮೇಂಟೆನೆನ್ಸ್ ಡ್ಯೂಟಿ ಇರಲಿ, ಬಾಗಿಲ ಹಿಂದೆ ಒಂದು ಲಾಗ್ ಬುಕ್ ನೇತಾಡ್ತಿರಲಿ. ಯಾರು ಏನು ನೋಡಿದರು, ಏನು ಸರಿ ಮಾಡಿದರು ಅಂತ ಅದರಲ್ಲಿ ಬರೀಲಿ. ಈ ಸಲದ ಫೆಸ್ಟ್ ಪೋಸ್ಟರ್ ಇನ್ನೂ ಪ್ರಿಂಟ್‌ಗೆ ಹೋಗಿಲ್ಲವಂತೆ. ಸ್ಪಾನ್ಸರ್ ಲೋಗೋಗಳ ಮೇಲೆ ಎರಡು ಸಾಲು ಜಾಗ ಇದೆ, ನಾನು ನೋಡಿದ್ದೀನಿ. ಆ ಹೆಸರುಗಳು ಅಲ್ಲಿ ಹಿಡಿಸುತ್ತವೆ.