ವಿಂಡೋಸ್ 10 ಕಂಪ್ಯೂಟರ್ ಬಂದ್ ಆಯಿತೇ? ನಿಂತದ್ದು ಏನು, ನಿಲ್ಲದ್ದು ಏನು

'ಅಕ್ಟೋಬರ್ 14ರಿಂದ ಹಳೆಯ ಕಂಪ್ಯೂಟರ್‌ಗಳೆಲ್ಲ ಬಂದ್, ಕೂಡಲೇ ಹೊಸದು ಕೊಳ್ಳಿ, ಎಲ್ಲರಿಗೂ ತಿಳಿಸಿ' ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. 2025ರ ಅಕ್ಟೋಬರ್ 14 ಬಂತು, ಹೋಯಿತು. ಹಳೆಯ ಕಂಪ್ಯೂಟರ್‌ಗಳು ಎಂದಿನಂತೆ ಆನ್ ಆಗುತ್ತಿವೆ. ಅದನ್ನು ನೋಡಿ 'ಇದೆಲ್ಲ ಲ್ಯಾಪ್‌ಟಾಪ್ ಮಾರುವವರ ಗಿಮಿಕ್, ಏನೂ ಆಗುವುದಿಲ್ಲ' ಎನ್ನುವವರೂ ಇದ್ದಾರೆ. ಎರಡೂ ತಪ್ಪು. ನಮ್ಮ ಪ್ರಕಾರ ಎರಡನೆಯದೇ ಹೆಚ್ಚು ಅಪಾಯಕಾರಿ. ಮೊದಲನೆಯದನ್ನು ನಂಬಿದರೆ ದುಡ್ಡು ದಂಡ, ಅಷ್ಟೆ. ಎರಡನೆಯದನ್ನು ನಂಬಿ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮುಂದುವರಿಸಿದರೆ ಖಾತೆಗೇ ಕನ್ನ ಬೀಳಬಹುದು.

ಆದದ್ದು ಇಷ್ಟು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು ಆ ದಿನ ಮುಗಿದವು. ತಂತ್ರಾಂಶ ನಿಲ್ಲಲಿಲ್ಲ, ಅದರ ರಿಪೇರಿ ನಿಂತಿತು.

ರಿಪೇರಿ ನಿಂತರೆ ಏನು ತೊಂದರೆ? ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ತನ್ನ ತಂತ್ರಾಂಶದಲ್ಲಿ ಸಿಕ್ಕ ತೂತುಗಳನ್ನು ಮುಚ್ಚುವ ಅಪ್‌ಡೇಟ್ ಬಿಡುತ್ತದೆ. ಹ್ಯಾಕರ್‌ಗಳು ಅಪ್‌ಡೇಟ್‌ಗೆ ಮುಂಚಿನ ಮತ್ತು ನಂತರದ ಫೈಲ್‌ಗಳನ್ನು ಹೋಲಿಸಿ ತೂತು ಎಲ್ಲಿತ್ತು ಎಂದು ಪತ್ತೆ ಮಾಡುತ್ತಾರೆ. ವಿಂಡೋಸ್ 10 ಮತ್ತು 11ರ ಒಳಗಿನ ಎಷ್ಟೋ ಭಾಗ ಒಂದೇ. ಅಂದರೆ 11ರಲ್ಲಿ ಮುಚ್ಚಿದ ತೂತೇ 10ರಲ್ಲಿ ತೆರೆದಿರುವ ಬಾಗಿಲಿನ ವಿಳಾಸ ಹೇಳಿಬಿಡಬಹುದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಬ್ರಿಟನ್ನಿನ ಆಸ್ಪತ್ರೆಗಳೂ ಸೇರಿದಂತೆ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಆ ತೂತಿಗೆ ಮದ್ದು ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. 'ಆಂಟಿವೈರಸ್ ಇದೆಯಲ್ಲ' ಎನ್ನಬೇಡಿ. ಅದು ಕಳ್ಳನನ್ನು ಗುರುತಿಸಬಹುದು, ಮುರಿದ ಬಾಗಿಲು ಸರಿಮಾಡುವುದಿಲ್ಲ.

ಹಾಗಾದರೆ ವಿಂಡೋಸ್ 11 ಹಾಕಿಕೊಂಡರಾಯಿತಲ್ಲ? ಇಲ್ಲೇ ಬಹಳ ಮಂದಿ ಮೋಸ ಹೋಗುವುದು. 'ರ‍್ಯಾಮ್ ಜಾಸ್ತಿ ಮಾಡಿಸಿ, ಸರಿಹೋಗುತ್ತದೆ' ಎಂದು ಯಾರಾದರೂ ಹೇಳಿದರೆ ಒಪ್ಪುವ ಮುಂಚೆ ಒಂದು ನಿಮಿಷ ನಿಲ್ಲಿ. ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. (4 ಜಿಬಿಯಲ್ಲಿ ಅದು ಎಷ್ಟು ತೆವಳುತ್ತದೆ ಎಂಬುದು ಬೇರೆ ಮಾತು.) ಸಾಮಾನ್ಯವಾಗಿ ತಡೆಯುವುದು ಎರಡು ಸಂಗತಿ: ಟಿಪಿಎಂ 2.0 ಮತ್ತು ಪ್ರೊಸೆಸರ್.

ಟಿಪಿಎಂ ಎಂದರೆ ಕಂಪ್ಯೂಟರಿನ ರಹಸ್ಯ ಕೀಲಿಗಳನ್ನು ಪ್ರತ್ಯೇಕವಾಗಿ ಕಾಪಾಡುವ ಒಂದು ಪುಟ್ಟ ತಿಜೋರಿ. ಅದು ಬೇರೆ ಚಿಪ್ ಆಗಿರಬಹುದು, ಪ್ರೊಸೆಸರ್ ಒಳಗೇ ಇರಬಹುದು. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಇದ್ದೂ ಆಫ್ ಆಗಿರುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿವೈಸ್ ಸೆಕ್ಯುರಿಟಿ ತೆರೆದು, 'ಸೆಕ್ಯುರಿಟಿ ಪ್ರೊಸೆಸರ್' ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಬಯೋಸ್‌ನಲ್ಲಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಸ್ವಿಚ್ ಇರಬಹುದು. ಅಭ್ಯಾಸವಿಲ್ಲದವರು ಬಯೋಸ್‌ಗೆ ಕೈ ಹಾಕಬೇಡಿ, ಗೊತ್ತಿರುವವರಿಗೆ ಇದೊಂದೇ ಕೆಲಸ ಹೇಳಿ.

ಪ್ರೊಸೆಸರ್ ವಿಷಯದಲ್ಲಿ ಸ್ವಿಚ್ ಇಲ್ಲ. ಇಂಟೆಲ್ ಕೋರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಹೆಸರಿನಲ್ಲೇ ಇದು ತಿಳಿಯುತ್ತದೆ: ಐ5-7200ಯು ಎಂದರೆ 7ನೆಯದು, ಐ5-8250ಯು ಎಂದರೆ 8ನೆಯದು. 7ನೆಯದು ಕೆಲಸಕ್ಕೆ ಬಾರದ ಪ್ರೊಸೆಸರ್ ಏನಲ್ಲ. ಮೈಕ್ರೋಸಾಫ್ಟ್ ತಾನೇ ಮಾರಿದ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದದ್ದು 7ನೇ ತಲೆಮಾರಿನದೇ, ಅದಕ್ಕೆ ವಿನಾಯಿತಿ ಸಿಕ್ಕಿತು! ಭದ್ರತೆಯ ಕಾರಣ ಕೊಟ್ಟು ಕಂಪನಿ ಎಳೆದ ಗೆರೆ ಇದು. ಗೆರೆಯ ಈಚೆ ಉಳಿದವರಿಗೆ ಬೇಸರವಾದರೆ ತಪ್ಪಿಲ್ಲ.

ಗೆರೆ ದಾಟಿಸುವ ಅಡ್ಡದಾರಿಯ ವಿಡಿಯೊಗಳೂ ಇವೆ. ಅವುಗಳಿಂದ ವಿಂಡೋಸ್ 11 ಹಾಕಬಹುದು ನಿಜ. ಆದರೆ ಅಂಥ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅಪ್‌ಡೇಟ್ ಬೇಕೆಂದೇ ತಾನೇ ನಾವು ಹೊರಟದ್ದು?

ಫಾರ್ವರ್ಡ್‌ಗಳು ಹೇಳದ ದಾರಿ ಒಂದಿದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರುವ ಮನೆಬಳಕೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಇಎಸ್‌ಯು ಯೋಜನೆ ಅದು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಸೇರುವ ಕೊಂಡಿ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಹಣ ಕಟ್ಟಬೇಕಿಲ್ಲ. 'ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆ, ನಾವೇ ಮಾಡಿಕೊಡುತ್ತೇವೆ' ಎಂದು ತಾನಾಗಿ ಫೋನ್ ಬಂದರೆ ಅದು ವಂಚನೆ, ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆ ಗಡುವಿನ ನಂತರ? ಬ್ರೌಸರ್, ಪತ್ರ ಬರೆಯುವುದು, ಮಕ್ಕಳ ಪಾಠ ಇಷ್ಟೇ ಇದ್ದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಉಚಿತವಾಗಿ ಸಿಗುತ್ತದೆ, ಯೂನಿಕೋಡ್ ಕನ್ನಡ ಟೈಪಿಂಗ್ ಸಲೀಸು. ಆದರೆ ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳು ರಾಶಿ ಬಿದ್ದಿರುವವರು, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರು ಅವಸರ ಮಾಡಬೇಡಿ. ಅಲ್ಲಿ ಬಳಕೆಯಲ್ಲಿರುವುದು ಸಾಮಾನ್ಯವಾಗಿ ಆ ತಂತ್ರಾಂಶಗಳ ವಿಂಡೋಸ್ ಆವೃತ್ತಿಗಳು. ಲಿನಕ್ಸ್ ಅನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಆಗ ಹಾರ್ಡ್‌ಡಿಸ್ಕ್‌ನಲ್ಲಿರುವುದು ಅಳಿಯುವುದಿಲ್ಲ. ಹಾಗೆ ಓಡಿಸಿ ಪ್ರಿಂಟರ್‌ನಿಂದ ಒಂದು ಹಾಳೆ ತೆಗೆಯಿರಿ, ಹಳೆಯ ಕನ್ನಡ ಕಡತವೊಂದನ್ನು ತೆರೆದು ಅಕ್ಷರ ಸರಿಯಾಗಿ ಕಾಣುತ್ತದೆಯೇ ನೋಡಿ, ಆಮೇಲೆ ತೀರ್ಮಾನ ಮಾಡಿ.