ಮಗಳ ಮೊದಲ ಸ್ಟೈಪೆಂಡ್

ಮೊನ್ನೆ ಸಂಜೆ ಅವರೆಕಾಯಿ ಬಿಡಿಸ್ತಾ ಕೂತಿದ್ದಾಗ ಎದುರು ಮನೆಯಾಕೆ ಬಂದರು. ಮುಖ ಸಪ್ಪಗಿತ್ತು. "ನೋಡ್ರೀ, ನಮ್ಮ ಹುಡುಗಿ ಬಿಕಾಂ ಕೊನೇ ವರ್ಷ ಕಾಲೇಜಿಗೇ ಹೋಗಲ್ವಂತೆ. ಹೊಸಕೋಟೆ ಹತ್ರ ಯಾವುದೋ ಗೋಡೌನ್‌ನಲ್ಲಿ ಕೆಲಸವಂತೆ. ತಿಂಗಳಿಗಿಷ್ಟು ಅಂತ ದುಡ್ಡೂ ಕೊಡ್ತಾರಂತೆ. ಡಿಗ್ರಿ ಓದ್ಲಿ ಅಂತ ಸೇರಿಸಿದ್ರೆ ಇದೇನ್ರೀ ಇದು?" ಅಂದರು. ಅವರ ಯಜಮಾನರು ಆಗಲೇ ತೀರ್ಪು ಕೊಟ್ಟಾಗಿತ್ತು: "ಗೋಡೌನ್ ಕಾಯೋಕೆ ನನ್ನ ಮಗಳನ್ನ ಕಳಿಸಲ್ಲ. ಬೇಕಾದ್ರೆ ಮನೇಲಿರಲಿ."

ನನಗೆ ತಟ್ಟನೆ ನೆನಪಾದದ್ದು ಅದೇ ಮನೆಯ ಮಗ. ಎರಡು ವರ್ಷದ ಹಿಂದೆ ಅವನು ಇಂಜಿನಿಯರಿಂಗ್ ಕೊನೇ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್ ಅಂತ ಹೈದರಾಬಾದಿಗೆ ಹೊರಟಾಗ ಇದೇ ತಾಯಿ ನಮ್ಮ ಬೀದಿಗೆಲ್ಲಾ ಮೈಸೂರುಪಾಕ್ ಹಂಚಿದ್ದರು. ಅವನದೂ ಓದಿನ ನಡುವೆ ದುಡ್ಡು ಸಿಗುವ ಕೆಲಸವೇ ತಾನೆ? ಅವನಿಗೆ ಊರು ಬಿಟ್ಟು ಊರಿಗೆ ಹೋಗಲು ಸಿಹಿ, ಇವಳಿಗೆ ಹೊಸಕೋಟೆಗೆ ಹೋಗಲೂ ತಡೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವರ ಕಣ್ಣಲ್ಲಿದ್ದದ್ದು ಭೇದಭಾವಕ್ಕಿಂತ ಹೆಚ್ಚಾಗಿ ಭಯ ಅನ್ನಿಸಿತು.

ನಿಮ್ಮ ಮನೆಯಲ್ಲೂ ಇಂಥ ಮಾತು ಬಂದಿರಬಹುದು, ಇಲ್ಲವೇ ಬೇಗನೇ ಬರಬಹುದು. ಯಾಕೆಂದರೆ ಓದಿನ ಜೊತೆಗೇ ಸಂಬಳದ ತರಬೇತಿ ಅನ್ನೋದು ಈಗ ಬಿಎ, ಬಿಕಾಂ, ಬಿಎಸ್ಸಿಗೂ ಬಂದಿದೆ. ಅಪ್ರೆಂಟಿಸ್‌ಶಿಪ್ ಸೇರಿಸಿದ ಪದವಿ ಎಂದು ಇದಕ್ಕೆ ಹೆಸರು. ಯುಜಿಸಿ 2020ರಲ್ಲಿ ಇದಕ್ಕೊಂದು ಮಾರ್ಗಸೂಚಿ ತಂದಿತು, 2025ರಲ್ಲಿ ಹೊಸದೊಂದನ್ನು ಹೊರಡಿಸಿತು. ನಮ್ಮ ರಾಜ್ಯದ ಕೆಲವು ಸರ್ಕಾರಿ ಪದವಿ ಕಾಲೇಜುಗಳಲ್ಲಿ 2024-25ರಲ್ಲಿ ಶುರುವಾಯಿತು. ಮೂರು ವರ್ಷದ ಪದವಿಯಲ್ಲಿ ಕನಿಷ್ಠ ಒಂದು, ಹೆಚ್ಚೆಂದರೆ ಮೂರು ಸೆಮಿಸ್ಟರ್ ಕೆಲಸದ ಜಾಗದಲ್ಲಿ ಕಳೆಯಬೇಕು. ಅದಕ್ಕೆ ಕ್ರೆಡಿಟ್ ಇದೆ, ಅದು ಅಂಕಪಟ್ಟಿಗೆ ಬರುತ್ತದೆ. ಅಂದರೆ ಹುಡುಗಿ ಕಾಲೇಜು ಬಿಟ್ಟು ಕೆಲಸಕ್ಕೆ ಹೋಗುತ್ತಿಲ್ಲ. ಆ ಸೆಮಿಸ್ಟರ್‌ನ ಪಾಠವೇ ಆ ಕೆಲಸ.

ಇದು ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯೂ ಅಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಮೇಷ್ಟ್ರು 1906ರಲ್ಲೇ ಇಂಜಿನಿಯರಿಂಗ್ ಹುಡುಗರನ್ನು ಸ್ವಲ್ಪ ದಿನ ತರಗತಿಗೆ, ಸ್ವಲ್ಪ ದಿನ ಕಾರ್ಖಾನೆಗೆ ಕಳಿಸೋ ಪದ್ಧತಿ ತಂದರು. ನಮ್ಮ ಪಿಲಾನಿಯ ಬಿಟ್ಸ್ 1973ರಿಂದ ವಿದ್ಯಾರ್ಥಿಗಳನ್ನು ಉದ್ಯಮಗಳಿಗೆ ಕಳಿಸುತ್ತಿದೆ. ಅಲ್ಲಿಗೆ ಸೀಟು ಸಿಕ್ಕಿದರೆ ಊರಿಗೆಲ್ಲ ಹೇಳಿಕೊಳ್ಳುತ್ತೇವೆ. ಅದೇ ಸೌಲಭ್ಯ ಸರ್ಕಾರಿ ಕಾಲೇಜಿನ ಬಿಕಾಂ ಹುಡುಗಿಗೆ ಬಂದಾಗ ಮಾತ್ರ ಅದು 'ಗೋಡೌನ್' ಆಗಿಬಿಡುತ್ತೆ!

ನನ್ನದೇ ಕಥೆ ಹೇಳ್ತೀನಿ. ನಾನೂ ಬಿಕಾಂ. ಡೆಬಿಟ್ಟು, ಕ್ರೆಡಿಟ್ಟು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ. ಆದರೆ ಪದವಿ ಮುಗಿಯೋವರೆಗೂ ಒಂದು ನಿಜವಾದ ಇನ್‌ವಾಯ್ಸ್ ಕೈಯಲ್ಲಿ ಹಿಡಿದಿರಲಿಲ್ಲ. ಮೊದಲ ಸಂದರ್ಶನದಲ್ಲಿ "ಅನುಭವ ಇದೆಯಾ?" ಅಂತ ಕೇಳಿದರು. ಇಲ್ಲ ಅಂದೆ. ಎರಡನೆಯದರಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯದರ ಹೊತ್ತಿಗೆ ಮದುವೆ ಗೊತ್ತಾಗಿತ್ತು. ಈ ಪುಟ ಓದುವ ಎಷ್ಟೋ ಗೆಳತಿಯರ ಕಥೆಯೂ ಇದೇ ಇರಬಹುದು. ನಮಗೆ ಬೇಕಿದ್ದದ್ದು ದೊಡ್ಡ ಕೆಲಸವೇನಲ್ಲ, ಆ ಪ್ರಶ್ನೆಗೆ 'ಹೌದು, ಒಂದು ವರ್ಷ ಮಾಡಿದ್ದೇನೆ' ಅನ್ನೋ ಒಂದು ಉತ್ತರ, ಅಷ್ಟೇ.

ಹಾಗಂತ ಕಣ್ಣು ಮುಚ್ಚಿಕೊಂಡು ಕಳಿಸಿ ಅನ್ನುತ್ತಿಲ್ಲ. 'ಇಂಟರ್ನ್‌ಶಿಪ್' ಎಂಬ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವವರೂ ಇದ್ದಾರೆ, ಸರ್ಟಿಫಿಕೇಟ್ ಕೊಡ್ತೀವಿ ಅಂತ ಮಕ್ಕಳಿಂದಲೇ ದುಡ್ಡು ಕೀಳುವವರೂ ಇದ್ದಾರೆ. ಕಲಿಯೋಕೆ ಬಂದವಳ ಕೈಯಿಂದ ದುಡ್ಡು ಕೇಳಿದರೆ ಅಲ್ಲಿಂದಲೇ ನಮಸ್ಕಾರ ಹೇಳಿ. ನಿಜವಾದ ಅಪ್ರೆಂಟಿಸ್‌ಗೆ 1961ರ ಅಪ್ರೆಂಟಿಸ್ ಕಾಯ್ದೆಯ ಆಸರೆ ಇದೆ. ಲಿಖಿತ ಒಪ್ಪಂದ ಆಗಬೇಕು, ಅದು ನೋಂದಣಿ ಆಗಬೇಕು. ಮಗಳಿಗೆ 18 ತುಂಬಿರದಿದ್ದರೆ ಪೋಷಕರ ಸಹಿ ಬೇಕು. ತುಂಬಿದ್ದರೆ ಸಹಿ ಅವಳದೇ, ಆದರೂ ಓದಲು ನಿಮಗೇನು ಅಡ್ಡಿ? ಮದುವೆ ಛತ್ರದ ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ಓದುತ್ತೇವಲ್ಲ, ಹಾಗೇ ಓದಿ. ಎಷ್ಟು ತಿಂಗಳು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಕಲಿಸುವವರು ಯಾರು, ಪರೀಕ್ಷೆಗೆ ರಜೆ ಉಂಟೋ ಇಲ್ಲವೋ. ಅಪ್ರೆಂಟಿಸ್‌ಗಳನ್ನು ಓವರ್‌ಟೈಮ್ ದುಡಿಸಲು ಸಂಬಂಧಪಟ್ಟ ಅಧಿಕಾರಿಯ ಒಪ್ಪಿಗೆ ಬೇಕು ಅಂತಲೂ ಕಾಯ್ದೆಯಲ್ಲಿದೆ. ಇದು ಅಲ್ಲಿನ ಮ್ಯಾನೇಜರಿಗೂ ಗೊತ್ತಿರಲಿ, ನಿಮಗೂ ಗೊತ್ತಿರಲಿ.

ದುಡ್ಡಿನ ಮಾತು. 2019ರ ನಿಯಮ ಪದವಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ನಿಗದಿ ಮಾಡಿತು. ಬೇರೆ ವಿದ್ಯಾರ್ಹತೆಯವರಿಗೆ ಬೇರೆ ಮೊತ್ತ. ಇದನ್ನು ಏರಿಸಬೇಕೆಂದು 2025ರಲ್ಲಿ ಶಿಫಾರಸೂ ಆಗಿದೆ. ಹಾಗಾಗಿ ಸೇರುವ ದಿನಕ್ಕೆ ಅವಳಿಗೆ ಎಷ್ಟು ಅನ್ವಯಿಸುತ್ತೆ ಅಂತ ಕಾಲೇಜಿನಲ್ಲೇ ಕೇಳಿ ಬರೆದುಕೊಳ್ಳಿ. ಇದು ನೌಕರಿಯ ಸಂಬಳ ಅಲ್ಲ, ಸ್ಟೈಪೆಂಡ್. ಕಾನೂನಿನ ಪ್ರಕಾರ ಅವಳು ಕಲಿಯುವವಳೇ ಹೊರತು ನೌಕರಳಲ್ಲ. ತರಬೇತಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಆ ಆಸೆ ಇಟ್ಟುಕೊಂಡು ಕಳಿಸಿದರೆ ಆಮೇಲೆ ಮನಸ್ಸಿಗೆ ನೋವು.

ಇನ್ನು ಎದುರು ಮನೆಯಾಕೆಯ ನಿಜವಾದ ಭಯಕ್ಕೆ ಬರ್ತೀನಿ. ಕೆಲಸದ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ? ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಾಯಂ ಉದ್ಯೋಗಿಗಳಿಗೆ ಮಾತ್ರ ಅಲ್ಲ, ಟ್ರೇನಿಗಳಿಗೂ ಅಪ್ರೆಂಟಿಸ್‌ಗಳಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮೊದಲ ದಿನವೇ ತಿಳಿದುಕೊಳ್ಳಲು ಮಗಳಿಗೆ ಹೇಳಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಏನಾದರೂ ಆದಾಗ ಬಂದು ಹೇಳಿದರೆ "ನಾನು ಅವತ್ತೇ ಹೇಳಿರ್ಲಿಲ್ವಾ, ಬಿಟ್ಟು ಮನೇಲಿರು" ಅನ್ನೋ ತಾಯಿಗೆ ಯಾವ ಮಗಳೂ ಏನನ್ನೂ ಹೇಳಲ್ಲ.

ಓಡಾಟದ್ದೂ ಒಂದು ಚಿಂತೆ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಬಸ್ ಟಿಕೆಟ್ಟಿನ ಖರ್ಚು ಉಳಿಯಿತು ನಿಜ. ಆದರೆ ಬಸ್ ಸ್ಟಾಪಿನಿಂದ ಕೆಲಸದ ಜಾಗಕ್ಕೆ ಎಷ್ಟು ದೂರ, ಸಂಜೆ ಏಳಕ್ಕೆ ಅಲ್ಲಿ ದೀಪ ಇರುತ್ತಾ, ಕಂಪನಿ ವ್ಯಾನ್ ಇದೆಯಾ ಅನ್ನೋದನ್ನು ಯಾವ ಒಪ್ಪಂದವೂ ಹೇಳಲ್ಲ. ಹೋಗಿ ನೋಡಿಯೇ ತಿಳಿಯಬೇಕು.

ಕೊನೆಗೆ ನಾವೇ ಮಾಡುವ ಎರಡು ತಪ್ಪು. ಮೊದಲನೆಯದು ಆ ದುಡ್ಡು. ಅವಳ ಹೆಸರಿನ ಖಾತೆಗೆ ಬಂದದ್ದು ಅವಳಲ್ಲೇ ಇರಲಿ. ಮನೆ ಬಾಡಿಗೆಗೆ ಕೊರತೆ ಆದರೆ ಕೇಳಿ ತಗೊಳ್ಳಿ, ಅದು ಬೇರೆ. ಆದರೆ ಎಟಿಎಂ ಕಾರ್ಡ್ ಅಪ್ಪನ ಜೇಬಿನಲ್ಲಿ, ಚೀಟಿ ಕಂತು ಅಮ್ಮನ ಹೆಸರಲ್ಲಿ ಅಂತಾಗಬಾರದು. ಮೊದಲ ದುಡಿಮೆಯನ್ನು ಸಂಭಾಳಿಸೋದನ್ನು ಅವಳು ಕಲಿಯದಿದ್ದರೆ ಅರ್ಧ ಪಾಠ ಹೋದಂತೆ. ಎರಡನೆಯದು ಅಡುಗೆಮನೆ. ಎಂಟು ಗಂಟೆ ಕೆಲಸ, ಎರಡು ಗಂಟೆ ಬಸ್ಸು, ರಾತ್ರಿ ಪ್ರಾಜೆಕ್ಟ್ ರಿಪೋರ್ಟು. ಇದರ ಮಧ್ಯೆ "ಬಂದ್ಯಾ? ಚಪಾತಿ ಲಟ್ಟಿಸು ಬಾ" ಅಂದರೆ ಆ ಹುಡುಗಿ ಯಾವಾಗ ಓದಬೇಕು? ಅಣ್ಣ ಹೈದರಾಬಾದಿನಿಂದ ಬಂದಾಗ ತಟ್ಟೆ ಅವನ ಕೈಗೇ ಹೋಗುತ್ತಿತ್ತಲ್ಲ!

ಇಷ್ಟನ್ನೂ ಎದುರು ಮನೆಯಾಕೆಗೆ ಹೇಳುವಷ್ಟರಲ್ಲಿ ಅವರೆಕಾಯಿ ಮುಗಿದಿತ್ತು. ಎರಡು ದಿನ ಬಿಟ್ಟು ಮತ್ತೆ ಬಂದರು. ಕೈಯಲ್ಲಿ ಒಪ್ಪಂದದ ಜೆರಾಕ್ಸು, ನಾಲ್ಕೈದು ಕಡೆ ಪೆನ್ಸಿಲ್ ಗುರುತು. ಯಜಮಾನರು ಇನ್ನೂ ಒಪ್ಪಿಲ್ಲವಂತೆ. ಆದರೆ ಶನಿವಾರ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಜಾಗ ನೋಡಿ ಬರ್ತೀನಿ ಅಂದಿದ್ದಾರಂತೆ.

"ನೀವೂ ಹೋಗಿ ಬನ್ನಿ" ಅಂದೆ.

"ಸ್ಕೂಟರ್‌ನಲ್ಲಿ ಮೂರು ಜನ ಹಿಡಿಸಲ್ವಲ್ರೀ."

"ಮೂವರೂ ಬಸ್ಸಲ್ಲೇ ಹೋಗಿ. ಅವಳು ದಿನಾ ಹೋಗಬೇಕಾದ್ದು ಬಸ್ಸಲ್ಲೇ ತಾನೆ?"